ಹಳದಿ ಬಾವುಟಕ್ಕೆ ನೇರಳೆ ಪಟ್ಟಿ

ಹೊಲಿಗೆ ಕೋಣೆ, ಕಿಟಕಿ ಪಕ್ಕದ ಮಿಷನ್ನು
ಜೂನ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಲಾಯರ್ ಸಾಹೇಬರೇ,

ಹೇಗಿದ್ದೀಯೋ? ಆ ಒಣ ಕೆಮ್ಮು ಹೋಯಿತೇ, ಇಲ್ಲ ಅದಕ್ಕೂ ಎರಡು ಪುಸ್ತಕ ಓದಿ ಹೇಳಿ ಸುಮ್ಮನಾಗಿಸುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಓದುತ್ತಿರುವುದು ಇತಿಹಾಸ ಅಂತ ನನಗೆ ಗೊತ್ತಿದೆ, ಮತ್ತೆ ತಿದ್ದಿ ಬರೆಯಬೇಡ. ಹಾಲು ಯಾಕೆ ಕುಡಿಯಬಾರದು ಅಂತ ತೊಡೆ ಮೇಲೆ ಕೂತು ವಾದ ಮಾಡಿ ಗೆದ್ದ ಮಗುವನ್ನು ನಾನು ಸಾಯುವ ತನಕ ಲಾಯರ್ ಅಂತಲೇ ಕರೆಯುವುದು. ನಾನು ಚೆನ್ನಾಗಿದ್ದೇನೆ. ಕೈ ಇನ್ನೂ ನಡುಗುವುದಿಲ್ಲ, ಸೂಜಿಗೆ ದಾರ ಪೋಣಿಸಲು ಮಾತ್ರ ನಿನ್ನ ತಂಗಿ ಗುಬ್ಬಿಯನ್ನು ಕೂಗಬೇಕು. ನಿಮ್ಮಮ್ಮ ಮೂರು ಹೊತ್ತೂ ಕತ್ತರಿ ಹಿಡಿದೇ ಇರುತ್ತಾಳೆ, ನಿದ್ದೆಯಲ್ಲೂ ಬಟ್ಟೆ ಕತ್ತರಿಸುವ ಹಾಗೆ ಬೆರಳು ಆಡಿಸುತ್ತಾಳೆ. ನಿಮ್ಮಪ್ಪನ ವಿಷಯ ನೀನು ಕೇಳುವುದಿಲ್ಲ, ಆದರೆ ಹೇಳದೆ ನನಗೆ ಸಮಾಧಾನವಿಲ್ಲ. ಅವನಿಗಾಗಿಯೇ ಈ ಕಾಗದ ಹಿಡಿದು ಕೂತಿದ್ದೇನೆ.

ಇಲ್ಲಿ ಚುನಾವಣೆಯ ಗಲಾಟೆ. ನಮ್ಮ ಕೋಣೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕೇ? ಕಾಲಿಡಲು ಜಾಗವಿಲ್ಲ. ಹಳದಿ ಪಕ್ಷದ ಬಾವುಟ ಕಿಟಕಿ ಪಕ್ಕದ ಮಿಷನ್ನಿನಲ್ಲಿ, ನೇರಳೆ ಪಕ್ಷದ್ದು ಮೆಟ್ಟಿಲ ಕೆಳಗಿನ ಮಿಷನ್ನಿನಲ್ಲಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಾಡಿದ ಕಟ್ಟುನಿಟ್ಟು ಅದು. ಒಂದರ ದಾರದ ಚೂರು ಇನ್ನೊಂದರ ಮಡಿಕೆಯಲ್ಲಿ ಸಿಕ್ಕಿದರೆ ಸಾಕು, ಪಕ್ಷದವರು ಬಾವುಟದ ಕಟ್ಟನ್ನೇ ತಂದು ಮುಖಕ್ಕೆ ಎಸೆಯುತ್ತಾರೆ. ಕೋಲು ತೂರಿಸುವ ಪಟ್ಟಿಗಳನ್ನು ನಿಮ್ಮಮ್ಮ ಮೊದಲೇ ಕತ್ತರಿಸಿ ಆಯಾ ಮಿಷನ್ನಿನ ಬಲಗಡೆಯ ಬುಟ್ಟಿಗೆ ಹಾಕಿರುತ್ತಾಳೆ. ಹೊಲಿಯುವವರು ಕಣ್ಣು ಎತ್ತದೆ ಬುಟ್ಟಿಗೆ ಕೈ ಹಾಕುವುದು, ಪಟ್ಟಿ ಎಳೆಯುವುದು, ಹೊಲಿಯುವುದು. ಎರಡೂ ಪಕ್ಷದವರು ನಮ್ಮ ಗಿರಾಕಿಗಳೇ. ನಿಮ್ಮಪ್ಪ ಹಳದಿಯ ಬಡಾವಣೆ ಸಮಿತಿಯಲ್ಲಿದ್ದರೂ ನೇರಳೆ ಬಾವುಟಕ್ಕೆ ಒಂದು ಹೊಲಿಗೆಯನ್ನೂ ಸಡಿಲ ಬಿಟ್ಟವನಲ್ಲ.

ಕಳೆದ ಸಲ ನೀನು ರಜೆಗೆ ಬಂದಾಗ ಆದದ್ದನ್ನು ಮತ್ತೆ ಕೆದಕುತ್ತಿದ್ದೇನೆ, ಬೈದುಕೋ. ವಿಶ್ವವಿದ್ಯಾಲಯಕ್ಕೆ ಹೋಗಿ ನೇರಳೆ ಪಕ್ಷದವನಾದೆ, ಆಗು. ನನಗೇನೂ ಹೊಟ್ಟೆನೋವಿಲ್ಲ. ಹಳದಿ ಬಟ್ಟೆ ಮುಟ್ಟುವುದಿಲ್ಲ ಅಂದೆ, ಅದನ್ನೂ ನುಂಗಿಕೊಂಡೆವು. ಆದರೆ ಊಟಕ್ಕೆ ಕೂತಾಗ ನಿಮ್ಮಪ್ಪನ ಮುಖ ನೋಡಿಕೊಂಡು "ಓದಿದವರು ಯಾರೂ ಹಳದಿಗೆ ಓಟು ಹಾಕಲ್ಲ ಅಪ್ಪಾ" ಅಂದೆಯಲ್ಲ, ಆ ಮಾತು ಅವನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತುಬಿಟ್ಟಿತು ಕಣೋ. ಅವನು ತಟ್ಟೆ ಬಿಟ್ಟು ಎದ್ದ, ನೀನು ಬ್ಯಾಗು ಹಿಡಿದು ಹೊರಟೆ. ಆಮೇಲೆ ಎರಡು ರಜೆ ಬಂದು ಹೋದವು, ನೀನು ಬರಲಿಲ್ಲ. ನನಗೆ ಬರೆಯುತ್ತೀಯ, ಗುಬ್ಬಿಗೆ ಬರೆಯುತ್ತೀಯ, ಅವನಿಗೆ ಒಂದು ಸಾಲಿಲ್ಲ. ಅದೂ ಹೋಗಲಿ ಅನ್ನೋಣ. ತಮಾಷೆಯೇನು ಗೊತ್ತೇ? ಜಗತ್ತಿನಲ್ಲಿ ಯಾರೂ ನಂಬದ ನಿನ್ನ ಆ ಮಾತನ್ನು ನಿಮ್ಮಪ್ಪನೊಬ್ಬ ಪೂರ್ತಿ ನಂಬಿಬಿಟ್ಟಿದ್ದಾನೆ. ಓದಲು ಹೋದವರೆಲ್ಲ ನೇರಳೆಯಾಗಿ, ಅಪ್ಪನನ್ನು ದಡ್ಡ ಅಂತ ತಿಳಿದುಕೊಂಡೇ ಮನೆಗೆ ಬರುತ್ತಾರೆ ಅಂತ ಅವನ ತೀರ್ಮಾನ. ಅದರ ಪೆಟ್ಟು ತಿಂದವಳು ಗುಬ್ಬಿ.

ಗುಬ್ಬಿಗೆ ನಿಮ್ಮಲ್ಲೇ ಸಂಖ್ಯಾಶಾಸ್ತ್ರಕ್ಕೆ ಸೀಟು ಸಿಕ್ಕಿದೆ ಅಂತ ಅವಳೇ ನಿನಗೆ ಬರೆದಿರಬೇಕು. ಮುಂದಿನದ್ದನ್ನು ಬರೆದಿರಲಾರಳು, ನಿನಗೆ ನೋವಾಗುತ್ತದೆ ಅಂತ ಅವಳಿಗೆ ಭಯ. ಈ ತಿಂಗಳ ಕೊನೆಯೊಳಗೆ ಹೋಗಿ ಸೇರದಿದ್ದರೆ ಸೀಟು ಬೇರೆಯವರ ಪಾಲು. ನಿಮ್ಮಪ್ಪ ಬೇಡ ಅಂದುಬಿಟ್ಟ. "ಒಬ್ಬನನ್ನ ಕಳಿಸಿ ಕಳ್ಕೊಂಡಿದ್ದು ಸಾಕು, ಇನ್ನೊಬ್ಬಳನ್ನ ನಾನೇ ಕೈಯಾರೆ ಕೊಡಲ್ಲ" ಅಂದ. ಗುಬ್ಬಿ ಅಳಲಿಲ್ಲ, ಕೂಗಾಡಲಿಲ್ಲ. ಮೆಟ್ಟಿಲ ಕೆಳಗಿನ ಮಿಷನ್ನಿನಿಂದ ಎದ್ದಳು, ಅದಕ್ಕೆ ಬಟ್ಟೆ ಹೊದಿಸಿದಳು, ಇನ್ನು ನಾನು ಹೊಲಿಯುವುದಿಲ್ಲ ಅಂತ ಹೇಳಿ ಮೇಲೆ ಹೋದಳು. ಚುನಾವಣೆಯ ಹೊತ್ತಿನಲ್ಲಿ! ನಾನು ಮೊಮ್ಮಗಳ ಬೆನ್ನು ತಟ್ಟಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಒದ್ದಾಡಿದೆ. ನಿನ್ನ ಹಾಸ್ಟೆಲ್ಲಿನ ಕೋಣೆಯಲ್ಲೇ ಇರುವ ಹುಡುಗ, ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಅದೇ ಮೇಷ್ಟ್ರ ಪಾಠ ಕೇಳುವವನು, ಅಪ್ಪಟ ಹಳದಿ ಅಂತ ನೀನೇ ಬರೆದಿದ್ದೆಯಲ್ಲ, ಅದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅದಕ್ಕವನು "ಆ ಹುಡುಗ ಗಟ್ಟಿ ಇರ್ಬೇಕು, ನಮ್ಮೋನು ಮೆತ್ತಗೆ. ಯಾರೋ ಮೇಷ್ಟ್ರು ತಲೆಗೆ ತುಂಬಿಸಿ ಕಳಿಸಿದ್ದಾರೆ" ಅಂದ. ನಾನು ಏನು ಹೇಳಿದರೂ ಸೊಪ್ಪು ಹಾಕಲಿಲ್ಲ.

ಹೀಗಿರುವಾಗ ಮೊನ್ನೆ ಕಿಟಕಿ ಪಕ್ಕದ ಮಿಷನ್ನಿನ ಬೆಲ್ಟು ತುಂಡಾಯಿತು. ಹೊಸ ಬೆಲ್ಟು ತರಲು ನಾನು ಪೇಟೆಗೆ ಹೋದೆ. ಮರುದಿನ ಬೆಳಿಗ್ಗೆ ಹಳದಿಯವರ ಮೆರವಣಿಗೆ, ಬಾವುಟ ಇನ್ನೂ ಅರ್ಧ ಬಾಕಿ. ನಿಮ್ಮಪ್ಪ ಹಳದಿ ಬಟ್ಟೆಯನ್ನು ಬಾಚಿಕೊಂಡು ಗುಬ್ಬಿಯ ಮಿಷನ್ನಿಗೆ ಹೋಗಿ ಕೂತ. ಬಟ್ಟೆ ತಂದ, ಬುಟ್ಟಿ ತರುವುದನ್ನು ಮರೆತ. ಮೆಟ್ಟಿಲ ಕೆಳಗೆ ಬೆಳಕು ಕಮ್ಮಿ, ಮನಸ್ಸು ಮಗಳ ಮೇಲೆ, ಕೈ ಮಾತ್ರ ಹಳೇ ಅಭ್ಯಾಸದಂತೆ ಬಲಗಡೆಯ ಬುಟ್ಟಿಗೆ ಹೋಯಿತು. ನಮ್ಮ ಕಸುಬಿನವರು ಅಂಚು ನೋಡುತ್ತೇವೆಯೇ ಹೊರತು ಬಣ್ಣ ನೋಡುತ್ತೇವೆಯೇ? ಪಟ್ಟಿ ಒಳಗೆ ಬರುವ ಹಾಗೆ ಮಡಚಿ ಇಡುವುದು ನಮ್ಮ ಪದ್ಧತಿ, ಕಟ್ಟು ಕಟ್ಟಿದ ನಿಮ್ಮಮ್ಮನ ಕಣ್ಣಿಗೂ ಬೀಳಲಿಲ್ಲ. ಬೆಳಿಗ್ಗೆ ಬೀದಿಯಲ್ಲಿ ಕೋಲು ಏರಿಸಿ ನೋಡಿದರೆ ಹಳದಿ ಬಾವುಟಕ್ಕೆ ನೇರಳೆ ಪಟ್ಟಿ! ಒಂದೆರಡಲ್ಲ, ಸಾಲು ಸಾಲು. ಎದುರುಗಡೆಯ ಕಾಲುದಾರಿಯಲ್ಲಿ ನಿಂತಿದ್ದ ನೇರಳೆಯವರು ಚಪ್ಪಾಳೆ ಹೊಡೆದು ಸ್ವಾಗತ ಮಾಡಿದರಂತೆ. ನಗಬೇಡವೋ. ಸರಿ, ನಗು, ನಾನೂ ಕೈಚೌಕ ಬಾಯಿಗಿಟ್ಟುಕೊಂಡು ನಕ್ಕಿದ್ದೇನೆ.

ನಿಮ್ಮಪ್ಪನಿಗೆ ನಗು ಬರಲಿಲ್ಲ. ಹಳದಿಯ ಕಾರ್ಯದರ್ಶಿ ಎಲ್ಲರೆದುರು ಅವನ ಮೇಲೆ ಹರಿಹಾಯ್ದ. ತಪ್ಪಾಯಿತು ಅಂದರೂ ಕೇಳಲಿಲ್ಲ, ಬೇಕಂತಲೇ ಮಾಡಿದ್ದೀರಿ ಅಂದ. "ಮಗನ್ನ ಓದೋಕೆ ಕಳಿಸಿದ್ರಲ್ಲ, ಈಗ ಅವನು ನಿಮಗೆ ಪಾಠ ಹೇಳ್ತಿದ್ದಾನೆ. ನಿಮ್ಮ ತಲೇಲಿ ಈಗ ಇರೋದೆಲ್ಲ ಅವನು ತುಂಬಿಸಿದ್ದೇ" ಅಂದನಂತೆ. ಸಂಜೆ ಸಭೆಗೆ ಸರಿಮಾಡಿ ಕೊಡಿ ಅಂತ ಕಟ್ಟನ್ನೆಲ್ಲ ವಾಪಸ್ಸು ಕಳಿಸಿದ. ನಿಮ್ಮಪ್ಪ ಮನೆಗೆ ಬಂದಾಗ ಮುಖ ಕೆಂಪಾಗಿತ್ತು. ಬಾವುಟಗಳನ್ನು ನೆಲದ ಮೇಲೆ ಸುರಿದು ನಮ್ಮ ಮುಂದೆ ಗಂಟಲು ಹರಿದುಕೊಂಡ. "ಇಷ್ಟು ವರ್ಷ ನಾನೇ ನೋಡಿ, ನಾನೇ ಯೋಚನೆ ಮಾಡಿ ಓಟು ಹಾಕಿದ್ದೀನಿ. ಇನ್ನೊಬ್ರು ಬಂದು ತುಂಬಿಸೋಕೆ ನಾನೇನು ಖಾಲಿ ಡಬ್ಬಾನಾ?" ಅಂದ. ಎಷ್ಟೆಂದರೂ ನಾನು ಹೆತ್ತವನು, ಪಾಪ ಅನ್ನಿಸಿತು ಕಣೋ. ಆದರೆ ಇಂಥ ಹೊತ್ತು ಮತ್ತೆ ಸಿಗುವುದಿಲ್ಲ ಅಂತಲೂ ಅನ್ನಿಸಿತು. "ಖಾಲಿ ಡಬ್ಬ ಅಲ್ವೇ ಅಲ್ಲಪ್ಪ" ಅಂದೆ. "ಹಾಗಾದ್ರೆ ನಿನ್ನ ಮಗ ಮಾತ್ರ ಖಾಲಿ ಡಬ್ಬಾನಾ? ಇವಳು?" ಅಂತ ಮೆಟ್ಟಿಲ ಮೇಲೆ ನಿಂತಿದ್ದ ಗುಬ್ಬಿಯ ಕಡೆ ಕೈ ತೋರಿಸಿದೆ. ಅವನು ನೆಲದ ಮೇಲೆ ಕೂತು ಬಾವುಟಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ನಿಮ್ಮಮ್ಮ ಅಷ್ಟರಲ್ಲಿ ಹಳದಿ ಪಟ್ಟಿ ಕತ್ತರಿಸಲು ಶುರುಮಾಡಿದ್ದಳು.

ಗುಬ್ಬಿ ತಾನಾಗಿಯೇ ಕೆಳಗಿಳಿದು ಬಂದು ಅಪ್ಪನ ಎದುರು ಚಕ್ಕಂಬಕ್ಕಳ ಹಾಕಿ ಕೂತಳು. ಅವನು ಬಾವುಟದ ಒಂದು ತುದಿ ಹಿಡಿದ, ಅವಳು ಇನ್ನೊಂದು ತುದಿ ಹಿಡಿದು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು. ನಾಲ್ಕಾರು ಬಾವುಟ ಬಿಚ್ಚಿದ ಮೇಲೆ ಇವಳೇ "ಅಪ್ಪಾ, ನೀನು ಯಾವ ಕಾಲೇಜಲ್ಲಿ ಓದಿ ಹಳದಿ ಆದೆ?" ಅಂತ ಕೇಳಿದಳು. ಎಂಥ ಪ್ರಶ್ನೆ ನೋಡು! ನನ್ನ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ನೀವು ಹುಟ್ಟುವ ಮೊದಲೇ ಹೋದ ನಿಮ್ಮಜ್ಜ ಅಪ್ಪಟ ನೇರಳೆ ಅಂತ ನಿಮಗ್ಯಾರಿಗೂ ಗೊತ್ತಿರಲಿಲ್ಲ. ನಿಮ್ಮಪ್ಪ ಅಂದು ಅದನ್ನೆಲ್ಲ ತಾನೇ ಹೇಳಿದ. ಹುಡುಗನಾಗಿದ್ದಾಗ ನೂಲಿನ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದ, ಗಿರಣಿ ಬಾಗಿಲು ಹಾಕಿದಾಗ ಬೀದಿಗೆ ಬಿದ್ದವರ ಜೊತೆ ದಿನವೂ ಬಂದು ನಿಂತವರು ಹಳದಿಯವರಂತೆ, ಅವತ್ತಿನಿಂದ ತಾನು ಹಳದಿ ಅಂದ. ಅದನ್ನು ಮನೆಗೆ ಬಂದು ಹೇಳಿದಾಗ ನಿಮ್ಮಜ್ಜ ಏನಂದಿದ್ದರು ಗೊತ್ತೇ? "ಗಿರಣಿಯವರು ನಿನ್ನ ತಲೆಗೆ ತುಂಬಿಸಿ ಕಳಿಸಿದ್ದಾರೆ" ಅಂದಿದ್ದರು. ನಿಮ್ಮಪ್ಪ ಆ ಮಾತನ್ನು ಹೇಳುತ್ತಾ ಹೇಳುತ್ತಾ ತಾನೇ ತಡೆದು ನಿಂತ. ಕೈಯಲ್ಲಿದ್ದ ನೇರಳೆ ಪಟ್ಟಿಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಅವನೂ ಆಗ ಮುನಿಸಿಕೊಂಡು ಸ್ನೇಹಿತನ ಕೋಣೆಗೆ ಹೋಗಿ ಕೂತಿದ್ದ. ನಿಮ್ಮಜ್ಜ ಒಂದು ದಿನ ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತು "ಮಿಷನ್ ಬೆಲ್ಟು ತುಂಡಾಗಿದೆ, ನಿಮ್ಮಮ್ಮಂಗೆ ಹಾಕೋಕೆ ಬರಲ್ಲ, ಬಾ" ಅಂದರು. ನನಗೆ ಬೆಲ್ಟು ಹಾಕಲು ಬರುವುದಿಲ್ಲವಂತೆ! ಇವರಿಬ್ಬರಿಗೂ ಕಲಿಸಿದವಳೇ ನಾನು. ಬೆಲ್ಟೂ ಗಟ್ಟಿಯಾಗಿಯೇ ಇತ್ತು. ನಮ್ಮ ಮನೆಯ ಗಂಡಸರಿಗೆ ಬಾ ಅನ್ನಲೂ ಒಂದು ನೆಪ ಬೇಕು, ಬರಲೂ ಒಂದು ನೆಪ ಬೇಕು. ಆಮೇಲೆ ನಿಮ್ಮಜ್ಜ ಸಾಯುವ ತನಕ ಅಪ್ಪ ಮಗ ಜಗಳವಾಡಿದರು, ಒಂದೇ ತಟ್ಟೆಯಿಂದ ಕಡಲೆ ತಿನ್ನುತ್ತಾ ಜಗಳವಾಡಿದರು. ನಾನು ಯಾವ ಕಡೆ ಅಂತ ಕೇಳುತ್ತೀಯಾ? ನಿಮ್ಮಜ್ಜನಿಗೇ ಹೇಳಲಿಲ್ಲ, ನಿನಗೆ ಹೇಳುತ್ತೇನೆಯೇ?

ಈಗ ನಿನ್ನ ಸರದಿ, ಕಿವಿಗೊಟ್ಟು ಕೇಳು. ಓದು ನಿನ್ನ ಕಣ್ಣು ತೆರೆಸಿತು ಅನ್ನು, ಒಪ್ಪುತ್ತೇನೆ. ಗಿರಣಿಯ ಬಾಗಿಲಲ್ಲಿ ನಿಂತು ನಿಮ್ಮಪ್ಪನಿಗೂ ಕಣ್ಣು ತೆರೆಯಿತು. ನೀನು ಪುಸ್ತಕದಲ್ಲಿ ಕಂಡದ್ದು ಅವನಿಗೆ ಕಂಡಿಲ್ಲ, ಅವನು ಬೀದಿಯಲ್ಲಿ ಕಂಡದ್ದು ನಿನಗೆ ಕಂಡಿಲ್ಲ. ಇಬ್ಬರೂ ಕೂತು ಹೇಳಿಕೊಂಡರೆ ಯಾರ ಗಂಟೇನು ಹೋಗುತ್ತದೆ? ಗುಬ್ಬಿ ಅಲ್ಲಿಗೆ ಬಂದರೆ ಅವಳನ್ನು ನಿನ್ನ ಸಭೆಗಳಿಗೆ ಎಳೆದುಕೊಂಡು ಹೋಗಬೇಡ. ಅವಳು ನೇರಳೆಯಾಗಲಿ, ಹಳದಿಯಾಗಲಿ, ಎರಡೂ ಬೇಡವೆಂದು ಮೂರನೆಯ ಬಣ್ಣ ಹುಡುಕಿಕೊಳ್ಳಲಿ, ನಮಗೆ ಹೊಲಿಯಲು ಇನ್ನೊಂದು ಬಾವುಟವಾಯಿತು. ಬಂದರೆ ಅಂತ ಬರೆದಿದ್ದೇನೆ, ನೋಡಿದೆಯಾ? ಆ ದಿನದಿಂದ ನಿಮ್ಮಪ್ಪ ಹೌದು ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಬಾವುಟ ಹೊತ್ತಿಗೆ ಸರಿಯಾಗಿ ಕೊಟ್ಟು ಬಂದ, ಮಿಷನ್ನಿಗೆ ಎಣ್ಣೆ ಹಾಕಿದ, ಅಷ್ಟೇ. ಗುಬ್ಬಿ ಮತ್ತೆ ಹೊಲಿಯುತ್ತಿದ್ದಾಳೆ, ಆದರೆ ಅವನು ಎದ್ದು ನಡೆದಾಗಲೆಲ್ಲ ಅವಳ ಕಾಲು ನಿಲ್ಲುತ್ತದೆ. ನೀನಾದರೂ ನಿಮ್ಮಪ್ಪನಿಗೆ ನಾಲ್ಕು ಸಾಲು ಬರೆ. ಅಂದಿನ ಆ ಒಂದು ಮಾತನ್ನು ವಾಪಸ್ಸು ತೆಗೆದುಕೋ ಸಾಕು, ನಿನ್ನ ಪಕ್ಷವನ್ನಲ್ಲ.

ನಿನ್ನ ಓದು ನಿನಗೆ ದಕ್ಕಲಿ, ಆರೋಗ್ಯ ನೆಟ್ಟಗಿರಲಿ, ನೂರು ಕಾಲ ಚೆನ್ನಾಗಿ ಬಾಳು ಕಂದಾ. ನಿನ್ನ ಕೋಣೆಯ ಆ ಹಳದಿ ಹುಡುಗನಿಗೂ ಅಜ್ಜಿ ಕೇಳಿದಳು ಅಂತ ಹೇಳು.

ಇಂತಿ ನಿನ್ನ,
ಎರಡೂ ಬಣ್ಣದ ಅಜ್ಜಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿಮ್ಮಪ್ಪ ಬಂದ. ಬಾಗಿಲಿಗೆ ಒರಗಿ ನಿಂತು, ಆ ಊರಲ್ಲಿ ಚಳಿ ಜಾಸ್ತಿಯಾ, ಗುಬ್ಬಿಗೆ ದಪ್ಪ ಕೋಟು ಹೊಲಿಯಬೇಕಾ ಅಂತ ಕೇಳಿದ. ನನಗೆ ಅಳುವೇ ಬಂತು ಕಣೋ! ಗುಬ್ಬಿ ಮಿಷನ್ನಿನ ಮೇಲೆ ತಲೆಯಿಟ್ಟು ಅಳುತ್ತಿದ್ದಾಳೆ, ನಿಮ್ಮಮ್ಮ ಕತ್ತರಿ ಕೆಳಗಿಟ್ಟಿದ್ದಾಳೆ. ಬರುವ ಶನಿವಾರ ಬೆಳಗಿನ ರೈಲಿಗೆ ಅವನೇ ಅವಳನ್ನು ಕರೆದುಕೊಂಡು ಬರುತ್ತಾನೆ. ಆಮೇಲೆ ಗೋಡೆ ನೋಡಿಕೊಂಡು "ಅವನ ಹೆಗಲು ಈಗ ಅಗಲ ಆಗಿರ್ಬೇಕು, ಹಳೇ ಅಳತೆ ನಡೆಯುತ್ತೋ ಇಲ್ವೋ" ಅಂದ. ನನಗೇನು ಗೊತ್ತು, ಹೋಗಿ ನೀನೇ ಅಳೆದುಕೊಂಡು ಬಾ ಅಂದೆ. ಟೇಪು ತೆಗೆದು ಜೇಬಿಗೆ ಹಾಕಿಕೊಂಡಿದ್ದಾನೆ. ಶನಿವಾರ ಅವನು ಟೇಪು ತೆಗೆದರೆ ವಾದ ಶುರುಮಾಡಬೇಡ ಮಾರಾಯ, ಬೆನ್ನು ನೆಟ್ಟಗೆ ಮಾಡಿ ನಿಂತುಕೋ. ಅವನು ಎರಡೆರಡು ಸಲ ಅಳೆಯುತ್ತಾನೆ, ಅಲುಗಾಡಬೇಡ.