ಕಾಕಾನ ಹೆಸರಿನ ಬಡಿತ

ಏಪ್ರಿಲ್ 7, ಶಹಾಬಾದ
ಮತ್ತೆ ಫರ್ಸಿ ಕಲ್ಲಿನ ಖಣಿ, ಮತ್ತೆ ಧೂಳು. ಇಂದು ಎಲ್ಲರ ಎದೆಗೂ ಪ್ಯಾಚ್ ಅಂಟಿಸಿದರು. ಚರ್ಮದಂತೆ ಬಾಗುತ್ತದೆ, ಬೆವರಿಗೂ ಬಿಡುವುದಿಲ್ಲ. ಜೇಬಿಗೊಂದು ಸಿಮ್ ಇರುವ ಪುಟ್ಟ ಡಬ್ಬಿ. ಎದೆಬಡಿತ ಆಫೀಸಿಗೂ ಹೋಗುತ್ತದೆ, ಮನೆಯವರ ಫೋನಿಗೂ. ಬಿಸಿಲಿನಿಂದ ರಕ್ಷಣೆಯಂತೆ! ನಾನೊಬ್ಬನೇ ಬೇಡ ಎಂದೆ. ನಾನು ಲಾರಿ ತುಂಬುವ ದಿನಗೂಲಿ — ಒತ್ತಾಯಿಸಲಿಲ್ಲ. ಊಟದ ಹೊತ್ತಿಗೆ ಹೇಳಿದೆ: ದುಡಿಮೆ ಮಾರಿದ್ದೇವೆ, ಹೃದಯ ಮಾರಿಲ್ಲ.
“ಸಂಘಪಾಲ, ಭಾಷಣ ಮುಗೀತಾ? ರೊಟ್ಟಿಗಿ ಶೇಂಗಾ ಹಿಂಡಿ ಇತ್ಲಾಗ ಕೊಡು,” ಅಂದ ಅಂಬರೇಶ. ಎಲ್ಲರೂ ನಕ್ಕರು.

ಏಪ್ರಿಲ್ 15
ನಿನ್ನೆ ನೀಲಿ ಬಾವುಟಗಳ ಜಯಂತಿ ಮೆರವಣಿಗೆಯಲ್ಲೂ ಒಬ್ಬನೇ ನಡೆದೆ. ಇಂದು ಇಬ್ಬರನ್ನು ಕೆಲಸದಿಂದ ತೆಗೆದರು. ಎದೆಬಡಿತದ ಗ್ರಾಫ್ ಸರಿಯಿಲ್ಲವಂತೆ. ನಾನು ಹೇಳಿದ್ದೇ ಆಯಿತು. ಆದರೂ ಯಾರೂ ಮಾತಾಡಿಸಲಿಲ್ಲ.

ಏಪ್ರಿಲ್ 18
ನಮ್ಮ ಖಣಿಯ ಹಿರಿಯ ರಾಮಲಿಂಗ ಕಾಕಾ ನನ್ನ ಕೋಣೆಗೆ ಬಂದ. ನಾಲ್ಕು ಮೆಟ್ಟಿಲಿಗೇ ಏದುಸಿರು.
“ನನ್ನ ಗುಂಡಿಗಿ ಇವತ್ತೋ ನಾಳೆನೋ ಸಿಕ್ಕಿಬೀಳ್ತದ. ನನ್ನ ಪ್ಯಾಚ್ ನೀ ಹಾಕ್ಕೋ. ಹೆಂಗೂ ನಿನ್ನ ಎದಿ ಖಾಲಿ ಅದಲ್ಲಾ!”
“ದವಾಖಾನಿಗಿ ಹೋಗಮು ಕಾಕಾ.”
“ಕೆಲಸ ಹೋದ ಮ್ಯಾಲ ಎಲ್ಲೀ ದವಾಖಾನಿ?”
ಅಂಟಿಸಿಕೊಂಡೆ, ಅವನ ಡಬ್ಬಿಯನ್ನೂ ಜೇಬಿಗಿಳಿಸಿದೆ. ಇದೂ ಪ್ರತಿರೋಧವೇ. ಅಲ್ಲದೆ... ಎಷ್ಟೋ ದಿನಕ್ಕೆ ಒಬ್ಬರು ನನ್ನ ಬಾಗಿಲಿಗೆ ಬಂದಿದ್ದರು.

ಏಪ್ರಿಲ್ 29
ಸೂಪರ್‌ವೈಸರ್ ಕಾಕಾನ ಬೆನ್ನು ತಟ್ಟಿದ. “ಇಡೀ ಖಣಿಯಾಗ ನಿಂದೇ ಗುಂಡಿಗಿ ನಂಬರ್ ಒನ್!” ದೊಡ್ಡ ಕಲ್ಲು ಎತ್ತುವ ಕಡೆ ಹಾಕಿದ್ದಾರೆ. ಕಾಕಾ ನನ್ನತ್ತ ಕಣ್ಣು ಮಿಟುಕಿಸಿದ. ನನಗೆ ನಗು ಬರಲಿಲ್ಲ. ಕಿತ್ತು ಬಿಸಾಡಲೇ? ಕಿತ್ತರೆ ಅವನ ಕೆಲಸ ಹೋಗುತ್ತದೆ. ಕೀಳದಿದ್ದರೆ —

ಮೇ 7
ನಿನ್ನೆ ಮಧ್ಯಾಹ್ನ ಕಾಕಾ ಬಿದ್ದ. ಕಲ್ಲಿನ ಮೇಲೆ, ಮುಖ ಕೆಳಗಾಗಿ. ಅಂಬರೇಶ ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ಒಯ್ದ. ಅಲ್ಲಿಂದ ಫೋನು:
“ಭಾಳ ಸೀರಿಯಸ್ ಅದ. ಕಾಕಿನ್ನ ಲಗೂ ಕಳಸು. ನಾ ಹೇಳಿದ್ರ ನಂಬವಲ್ಲಳು.”
ಕಾಕಾನ ಮನೆಗೆ ಓಡಿದೆ. ಅನಸುಬಾಯಿ ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಫೋನ್.
“ಅಂಬ್ರೇಶಂದು ಯಾವಾಗ್ಲೂ ಗಡಬಡಿ. ನೋಡಿಲ್ಲಿ, ಹೆಂಗ ಓಡಾಕತ್ತದ ನಿಮ್ಮ ಕಾಕಾನ ಗುಂಡಿಗಿ. ಸಂಜಿಗಿ ರೊಟ್ಟಿ ಕಟ್ಕೊಂಡು ಹೋಗ್ತೀನಿ.”
“ಕಾಕಿ, ಅದು ಕಾಕಾಂದಲ್ಲ...”
ನನ್ನ ಮಾತು ಅವಳ ಕಿವಿಗೆ ಬೀಳಲಿಲ್ಲ. ಅವಳು ಫೋನನ್ನೇ ನೋಡುತ್ತಿದ್ದಳು. ಮುಖ ಅರಳಿತು.
“ಅಯ್ಯ, ಜೋರ್ ಆತು ನೋಡು! ಎದ್ದು ಕುಂತಾನ!”
ಅಂಗಿ ಬಿಚ್ಚಿ ಎದೆಯ ಪ್ಯಾಚ್ ತೋರಿಸಿದೆ. ಆಮೇಲೆ ಕಾಕಿ ನನ್ನ ಎದೆಯ ಮೇಲೆ ಕೈಯಿಟ್ಟಳು, ಫೋನ್ ನೋಡಿದಳು, ರೊಟ್ಟಿ ಹಂಚಿನ ಮೇಲೇ ಬಿಟ್ಟು ಎದ್ದಳು...