ಮರಿ ಬಿಡುವ ಹೊತ್ತು

ಐಮಂಗಲ, ೧೯೭೪

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಆದರೂ ಇದನ್ನು ಇನ್ಯಾರಿಗೆ ಹೇಳಲಿ?

ಸಂಜೆ ಮರಿಗಳನ್ನು ತಾಯಿಕುರಿಗಳಿಗೆ ಬಿಡುವಾಗ ಯಾವ ಮರಿ ಯಾವುದರದೆಂದು ಅಪ್ಪನ ಬಾಯಿಂದಲೇ ಹೇಳಿಸುತ್ತಿದ್ದೆಯಲ್ಲ, ಅವನಿಗೆ ಮರೆವು ಬರಬಾರದೆಂದು? ಈಗ ನಾನು ಹೇಳಿಸುತ್ತೇನೆ. ತಪ್ಪಿದರೆ ನೀನು ರೇಗುತ್ತಿದ್ದೆ. ನನಗೆ ಮನಸ್ಸು ಬರುವುದಿಲ್ಲ. "ಹೌದಪ್ಪ" ಎಂದು, ಅವನು ಅತ್ತ ತಿರುಗಿದಾಗ ಮರಿಯನ್ನು ಅದರ ತಾಯಿಗೆ ಬಿಡುತ್ತೇನೆ.

ಇವತ್ತು ಒಂದು ಮರಿ ಎತ್ತಿಕೊಂಡು, "ಇದು ಮೋಟುಗಿವಿ ಕುರೀದು" ಅಂದ. ನಾನು ಹೌದಪ್ಪ ಅಂದೆ. ಅಪ್ಪ ಮರಿಯನ್ನು ಕೆಳಗಿಡದೆ ನನ್ನನ್ನೇ ನೋಡಿದ.

"ನಾನೇ ಬೇಕಂತ್ಲೆ ತಪ್ಪು ಹೇಳ್ದೆ ಮಗ್ಳೆ ಕೆಂಚವ್ವ. ಮೋಟುಗಿವಿ ಇನ್ನೂ ಈದೇ ಇಲ್ಲ. ನಿಂಗೂ ಮರವು ಬಂತೇನೆ?"

ಬಂತು ಅಂದೆ. ಬೇರೇನು ಹೇಳಲಿ?

ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಮರಿ ತೋರಿಸಿ ನನ್ನ ಬಾಯಿಂದ ಹೇಳಿಸಿದ. ಅವನಿಗೆ ಎಲ್ಲವೂ ನೆನಪಿತ್ತು. ಹಾಗಾದರೆ ಇಷ್ಟು ದಿನ ನಿಜವಾಗಿ ಮರೆಯುತ್ತಿದ್ದನೋ, ಇಲ್ಲ ನಾನು ರೇಗಲಿ ಎಂದು ಕಾಯುತ್ತಿದ್ದನೋ, ನನಗೊಂದೂ ತಿಳಿಯುತ್ತಿಲ್ಲ.

ಕೊನೆಯ ಮರಿಯನ್ನು ನಾನು ನಿಜವಾಗಿಯೂ ತಪ್ಪು ಹೇಳಿದೆ ಅವ್ವಾ. ಥೇಟ್ ನಿನ್ನ ಹಾಗೆಯೇ ರೇಗಿದ.