ಎಡಗಾಲಿನ ಗುಂಡು

ಲಗ್ಗೆರೆ,
ಭಾನುವಾರ, ೯ ನವೆಂಬರ್ ೨೦೨೫

ನಾಟಕ ಕಂಪನಿಯ ಗೆಳೆಯ, ಈಗ ಬೆಳ್ಳಿತೆರೆಯ ಸೇನಾಧಿಪತಿ ಚನಬಸಪ್ಪನಿಗೆ ಬಸಲಿಂಗನ ಶರಣು!

ನಿನ್ನ ಸಿನಿಮಾ ಬಂದು ಇಷ್ಟು ದಿನವಾದರೂ ಒಂದು ಶಹಬ್ಬಾಸ್ ಹೇಳಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಕ್ಷಮಿಸು. ಫೋನು ಹಚ್ಚಿದರೆ ನನ್ನ ಕಂಠ ನಿನಗೆ ಗೊತ್ತಲ್ಲ, ನಿನ್ನ ಮನೆಯ ಕಿಟಕಿ ಗಾಜು ಉಳಿಯುತ್ತಿರಲಿಲ್ಲ. ಅದಕ್ಕೇ ಕಾಗದ. ನನ್ನ ಹೆಂಡತಿ ಮಲಕವ್ವನ ಮೊಣಕಾಲು ನೋವು ಇಳಿದಿದೆ. ಮಗಳು ಶಾಂಭವಿ ಈಗ ಏಳನೆಯ ತರಗತಿ, ಬಾಯಿ ಅವಳವ್ವನದೇ.

ಸಿನಿಮಾ ನೋಡಿದೆ. ಎರಡು ಸಲ ನೋಡಿದೆ! ಮಂಗಳ ಗ್ರಹದ ಕೆಂಪು ಮಣ್ಣಿನಲ್ಲಿ ನೀನು ಬಂದೂಕು ಎತ್ತಿದಾಗ ಇಡೀ ಟಾಕೀಸು ಶಿಳ್ಳೆ ಹೊಡೆಯಿತು. ನಾನು ಬಂದೂಕನ್ನೇ ನೋಡುತ್ತಿದ್ದೆ. ಅಯ್ಯಾ, ಅದು ನನ್ನ ಕೈಕೂಸು! ನೂರು ವರ್ಷದ ಹಿಂದೆ ಯುದ್ಧಕ್ಕೆ ಹೋದ ಜರ್ಮನಿಯ ಮೌಸರ್ ಪಿಸ್ತೂಲು ಅದರ ಮೂಲ. ಪೊರಕೆಯ ಹಿಡಿಯಂಥ ದುಂಡು ಹಿಡಿಕೆ, ಟ್ರಿಗರಿನ ಮುಂದೆ ಗುಂಡಿನ ಪೆಟ್ಟಿಗೆ. ಅದರ ಪಟ, ಅಳತೆ ತರಿಸಿ ಪೀಣ್ಯದ ನಮ್ಮ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಎರಕ ಹೊಯ್ದವನು ನಾನು. ಎಲೆಕ್ಟ್ರಾನಿಕ್ ಸಿಟಿಯ ಗುಜರಿಯಿಂದ ಕಂಪ್ಯೂಟರಿನ ಶಾಖ ಹೀರುವ ರೆಕ್ಕೆಗಳನ್ನು ಆರಿಸಿ ತಂದು ಪಕ್ಕೆಗೆ ಕೂರಿಸಿದವನು ನಾನು. ಮೇಲೊಂದು ದುರ್ಬೀನು, ಮೂತಿಗೆ ತಾಮ್ರದ ಬಳೆ. ಮಹಾಯುದ್ಧದ ಮುದುಕನನ್ನು ಮಂಗಳಲೋಕದ ಮದುಮಗನನ್ನಾಗಿ ಮಾಡಿದೆ. ಮೆರವಣಿಗೆ ಹೊರಟವನು ನೀನು!

ಆ ದಿನ ನೆನಪಿದೆಯೇ? ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಗೇಟು ಕಾಯುವ ಕೆಲಸಕ್ಕೆ ರಜೆಯೆಂದು ನೀನು ನನ್ನ ಜೊತೆ ಊಟಕ್ಕೆ ಶೆಡ್ಡಿಗೆ ಬಂದಿದ್ದೆ. ಅದೇ ಹೊತ್ತಿಗೆ ನಿರ್ದೇಶಕ ಸಿದ್ಧಾರ್ಥ್ ಬಂದೂಕು ನೋಡಲು ಬಂದ. "ಹೆಂಗ್ ಹಿಡಿಯೋದು, ತೋರ್ಸಣ್ಣ" ಅಂದ. ನಾನು ಎದೆಯುಬ್ಬಿಸಿ, ಎಡಗಾಲನ್ನು ಧಡ್ ಎಂದು ಅಪ್ಪಳಿಸಿ ಗುಂಡು ಹಾರಿಸಿದೆ. ಕಂಪನಿಯ ಚಟ! ನಾನು ಕಾಲು ಅಪ್ಪಳಿಸಿದರೆ ತಾನೇ ಪರದೆಯ ಹಿಂದೆ ಈರಪ್ಪ ಪಟಾಕಿ ಸಿಡಿಸುತ್ತಿದ್ದದ್ದು? ಸಿನಿಮಾದಲ್ಲಿ ಸದ್ದನ್ನು ಆಮೇಲೆ ಸೇರಿಸುತ್ತಾರೆಂಬುದು ಮರೆತೇಹೋಗಿತ್ತು. ನಾನು ನಾಚಿ ನಿಂತರೆ ಆತ ಕುಣಿದಾಡಿದ.

"ಸಕ್ಕತ್ ಗುರೂ! ಮಂಗಳ ಗ್ರಹದ ಸೇನಾಧಿಪತಿ ಹಿಂಗೇ ಕಾಲು ಬಡೀಬೇಕು!"

ನನ್ನೆದೆ ನಗಾರಿಯಾಯಿತು, ಚನಬಸಪ್ಪ. ಪಾತ್ರ ನನಗೇ ಎಂದುಕೊಂಡೆ. ಆತ ನಿನ್ನ ಕಡೆ ತಿರುಗಿದ. "ಅಣ್ಣಾ, ನೀವು ಒಳ್ಳೆ ಎತ್ತರ ಇದ್ದೀರ. ಇವ್ರು ಮಾಡ್ದಂಗೇ ಒಂದ್ಸಲ ಮಾಡಿ."

ನೀನು ಮಾಡಿದೆ. ಮಾಡಿ, "ಹೆಂಗಲೇ ಬಸ್ಯಾ, ನಿನಗಿಂತ ಛಲೋ ಬಂತಿಲ್ಲೋ?" ಎಂದು ನಕ್ಕೆ. ಛಲೋ ಬಂದಿತ್ತು. ಅದೇ ಸಂಕಟ!

ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದಪ್ಪಾ, ಹೊಟ್ಟೆಕಿಚ್ಚೇ! ಶೆಡ್ಡಿನ ಕುಲುಮೆ ಆರಿದರೂ ಇದು ಆರುತ್ತಿಲ್ಲ. ಟಿವಿಯ ಹುಡುಗಿ "ಆ ಕಾಲು ಬಡಿಯೋದು ಹೆಂಗ್ ಹೊಳೀತು ಸಾರ್?" ಎಂದು ಕೇಳಿದರೆ, "ಹಂಗ ಬಂತ್ರೀ, ಒಳಗಿಂದ" ಅಂದೆಯಲ್ಲ. ಒಳಗಿಂದ! ಯಾರ ಒಳಗಿಂದಲೋ, ಮಹಾರಾಯ?

ಎರಡನೆಯ ಭಾಗಕ್ಕೆ ಇನ್ನೂ ದೊಡ್ಡ ಬಂದೂಕು ಬೇಕಂತೆ. ಮಾಡಿಕೊಡುತ್ತೇನೆ. ನಿನ್ನ ತೋಳು ಬಿದ್ದುಹೋಗುವಂತೆ ಅದರೊಳಗೆ ಸೀಸ ತುಂಬುವ ಆಸೆ, ತುಂಬುವುದಿಲ್ಲ.

ರುಕ್ಮವ್ವ ತಂಗಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮುಖ ಊರೂರಿನ ಗೋಡೆಗಳ ಮೇಲೆ ಬೆಳಗಲಿ, ಲಗ್ಗೆರೆಯ ಗೋಡೆಗಳನ್ನು ಬಿಟ್ಟು.

ನಿನ್ನವನೇ ಆದ,
ಬಸಲಿಂಗ

ತಾ.ಕ.: ಮೊನ್ನೆ ಮನೆಯಲ್ಲಿ ನಮ್ಮ ಹಳೆಯ ನಾಟಕದ ಒಂದು ದೃಶ್ಯ ಮಾಡಿ ತೋರಿಸುತ್ತಿದ್ದೆ. ಕಾಲು ಅಪ್ಪಳಿಸಿದ್ದೇ ತಡ, ಶಾಂಭವಿ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಚನಬಸಪ್ಪ ಕಾಕಾನ್ನ ಕಾಪಿ ಹೊಡೀತಿಯಲ್ಲ!" ಅಂದಳು. ಇದು ನನ್ನದೇ, ಅವನು ನನ್ನಿಂದ ಕಲಿತದ್ದು ಎಂದೆ. "ಇರ್ಲಿ ಬಿಡಪ್ಪಾ, ಬೇಜಾರ ಮಾಡ್ಕೋಬ್ಯಾಡ" ಎಂದು ಬೆನ್ನು ಸವರಿದಳು. ಟಿವಿಯವರಿಗೆ ಹೇಳಬೇಡ, ಸಿದ್ಧಾರ್ಥನಿಗೂ ಹೇಳಬೇಡ. ಒಮ್ಮೆ ಬಂದು ಅವಳೊಬ್ಬಳಿಗೆ ಹೇಳಿ ಹೋಗೋ.